ಹನಿಲ ಇಲ್ಲ

ಸ್ಥಾವರದ ಕ್ವಾರ್ಟರ್ಸ್
ಮಾರ್ಚ್ ೨೧, ಭಾನುವಾರ

ಮುದ್ದು ಗುಬ್ಬಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಮೊದಲು ಕ್ಷೇಮ ಸಮಾಚಾರ, ಆಮೇಲೆ ಮಿಕ್ಕ ಮಾತು ಎಂದು ಅಮ್ಮ ಕಲಿಸಿದ್ದಾಳೆ. ವಿದ್ಯುತ್ ಸ್ಥಾವರದ ಸುರಕ್ಷತಾ ಅಧಿಕಾರಿಯೇ ಕ್ಷೇಮವಾಗಿಲ್ಲ ಎಂದರೆ ಕಂಪನಿಯ ಮಾನ ಹೋದೀತು, ಆದ್ದರಿಂದ ಕ್ಷೇಮ ಎಂದೇ ಇಟ್ಟುಕೋ. ಮೂರು ವಾರದಲ್ಲಿ ನೀನು ಎಂಟು ಸಲ ಫೋನ್ ಮಾಡಿದೆ, ಎಂಟು ಸಲವೂ ನಾನು ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟೆ. ಕ್ಷಮಿಸು ಕಣೇ. ಫೋನ್ ಮೇಲೆ ಈಗ ನನಗೆ ನಂಬಿಕೆಯಿಲ್ಲ. ಕಂಪನಿ ಕೊಟ್ಟ ಫೋನಿಗೆ ಕಂಪನಿಯದೇ ಕಿವಿ ಇದ್ದರೆ ಆಶ್ಚರ್ಯವೇನು? ಅದಕ್ಕೇ ಕಾಗದ.

ನಿನ್ನ ಹೊಲಿಗೆ ಅಂಗಡಿ ಹೇಗೆ ನಡೆಯುತ್ತಿದೆ? ಆ ಮೊಂಡು ಶಟರಿಗೆ ಎಣ್ಣೆ ಬಿಡಿಸಿದೆಯಾ? ಅಂಗಡಿ ತೆರೆದ ದಿನ ನೀನು ಕತ್ತರಿ ನನ್ನ ಕೈಗೆ ಕೊಟ್ಟು, "ಅಕ್ಕಾ, ನೀನು ಕತ್ತರಿಸಿದ್ರೇನೇ ರಿಬ್ಬನ್ನು, ಇಲ್ಲಾಂದ್ರೆ ಅದು ಬರೀ ದಾರ" ಅಂದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಂದು ಸಂಜೆ ಸ್ಥಾವರದಿಂದ ಸುದ್ದಿ ಬಂದ ಕೂಡಲೇ ಚೀಲವನ್ನೂ ಸರಿಯಾಗಿ ಮುಚ್ಚದೆ ಓಡಿ ಬಂದೆ. ಏನಾಯಿತೆಂದು ನಿನಗೆ ಇನ್ನೂ ಹೇಳಿಲ್ಲ.

ನಮ್ಮಲ್ಲಿ ಉರಿಯೆಣ್ಣೆ ತುಂಬುವ ದೊಡ್ಡ ಟ್ಯಾಂಕುಗಳಿವೆ. ವರ್ಷಕ್ಕೊಮ್ಮೆ ಬರಿದು ಮಾಡಿ, ತಳದ ಕೆಸರನ್ನು ಕೆರೆಸುತ್ತೇವೆ. ಯಾರೂ ಸುಮ್ಮನೆ ಒಳಗೆ ಇಳಿಯುವಂತಿಲ್ಲ, ಪರ್ಮಿಟ್ ಬೇಕು. ಅನಿಲ ಇದೆಯೇ ಎಂದು ಮೀಟರ್ ಹಿಡಿದು ನೋಡಿ, ಹಾಳೆಯಲ್ಲಿ ಬರೆದು, ಕೊನೆಗೆ ನಾನು ಸಹಿ ಹಾಕಬೇಕು. ಕೆಸರು ಕೆದಕಿದಂತೆಲ್ಲ ಅನಿಲ ಏಳುತ್ತದೆ, ಆದ್ದರಿಂದ ಊಟದ ನಂತರ ನಾನೇ ಇನ್ನೊಮ್ಮೆ ನೋಡಬೇಕು. ನಿನ್ನ ಅಂಗಡಿ ತೆರೆದ ಆ ಗುರುವಾರ ಯಾರೂ ಇನ್ನೊಮ್ಮೆ ನೋಡಲಿಲ್ಲ. ಊಟ ಮುಗಿಸಿ ಇಳಿದ ಫಿಟ್ಟರ್ ಒಳಗೇ ಬಿದ್ದುಬಿಟ್ಟ. ಎಳೆದು ಹಾಕುವಷ್ಟರಲ್ಲಿ ತಡವಾಗಿತ್ತು. ಈಗ ಆಸ್ಪತ್ರೆಯಲ್ಲಿದ್ದಾನೆ. ಉಸಿರಾಡುತ್ತಿದ್ದಾನೆ, ಕಣ್ಣು ಬಿಡುತ್ತಾನೆ, ಹೆಂಡತಿಯ ಗುರುತು ಮಾತ್ರ ಹತ್ತುತ್ತಿಲ್ಲ. ಆಕೆ ಬಾಚಣಿಗೆ ತಂದು ದಿನಾ ಅವನ ತಲೆ ಬಾಚುತ್ತಾಳೆ, ನಾನು ಬಾಗಿಲಿನಿಂದಲೇ ನೋಡಿ ಬರುತ್ತೇನೆ.

ವಿಚಿತ್ರ ಏನೆಂದರೆ ಪರ್ಮಿಟ್ ಇದೆ. ಅದರ ಮೇಲೆ ಅಂದಿನ ತಾರೀಖು ಇದೆ, ನನ್ನ ಸಹಿ ಇದೆ. ನಾನು ಅಂದು ನಿನ್ನ ಅಂಗಡಿಯಲ್ಲಿ ರಿಬ್ಬನ್ ಕತ್ತರಿಸುತ್ತಿದ್ದೆ!

ತನಿಖೆಗೆ ಮುಖ್ಯ ಕಚೇರಿಯಿಂದ ಇಬ್ಬರು ಬಂದಿದ್ದಾರೆ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಬರೀ ನೋಡುತ್ತಾರೆ. ನೋಡುವವರನ್ನು ಕಂಡರೇ ನನಗೆ ಹೆಚ್ಚು ಭಯ. "ಸಹಿ ನಿಮ್ಮದೇನಾ?" ಎಂದು ಬರೆಯುವವರು ಕೇಳಿದರು. "ನೋಡೋಕೆ ನನ್ನ ಸಹಿ ಥರಾನೇ ಇದೆ ಸರ್, ಆದ್ರೆ ಅವತ್ತು ನಾನು ಊರಲ್ಲೇ ಇರ್ಲಿಲ್ಲ" ಎಂದೆ. "ಹಾಗಾದ್ರೆ ಯಾರೋ ಹಾಕಿದಾರೆ. ಇಲ್ಲಿಯವರ ಕೈಬರಹ ನಿಮಗೇ ಚೆನ್ನಾಗಿ ಗೊತ್ತು, ನೀವೇ ಪತ್ತೆ ಮಾಡಿ" ಎಂದರು. ನೋಡುವವರು ನನ್ನನ್ನೇ ನೋಡುತ್ತಿದ್ದರು.

ಅಂದಿನಿಂದ ನನ್ನ ಕಣ್ಣಿಗೆ ಯಾರೂ ನೆಟ್ಟಗೆ ಕಾಣುತ್ತಿಲ್ಲ. ನಾನು ಹೋದರೆ ಕ್ಯಾಂಟೀನಿನಲ್ಲಿ ಮಾತು ನಿಲ್ಲುತ್ತದೆ. ನನ್ನ ಮೇಜಿನ ಕಾಗದಗಳನ್ನು ಯಾರೋ ಸರಿಸಿ ಮತ್ತೆ ಜೋಡಿಸಿದಂತಿದೆ. ಸ್ಟೋರ್ ಕೀಪರ್ ಇಷ್ಟು ದಿನ ನಮಸ್ಕಾರ ಎನ್ನದವನು ಈಗ ದಿನಕ್ಕೆ ಎರಡು ಸಲ ನಮಸ್ಕಾರ ಎನ್ನುತ್ತಾನೆ. ಯಾಕೆ?

ಪರ್ಮಿಟ್ ಹಾಳೆಯಲ್ಲಿ ಒಂದು ಗುಟ್ಟಿತ್ತು. ಅನಿಲ ಎಂದು ಇರಬೇಕಾದ ಕಡೆ "ಹನಿಲ ಇಲ್ಲ" ಎಂದು ಬರೆದಿತ್ತು. ಹಾಗೆ ಬರೆಯುವವನು ಇಡೀ ಸ್ಥಾವರದಲ್ಲಿ ಒಬ್ಬನೇ, ನಮ್ಮ ಶಿಫ್ಟ್ ಇನ್‌ಚಾರ್ಜ್.

ಅವನ ವಿಷಯ ನಿನಗೆ ಹೇಳಿದ್ದೆ. ಹಗ್ಗ ಎಳೆಯುವ ಕೆಲಸಕ್ಕೆ ಸೇರಿ ಈ ಮಟ್ಟಕ್ಕೆ ಬಂದವನು. ಅವನ ಬಾಯಲ್ಲಿ ಹಕಾರ ನಿಲ್ಲದು. ಹೇಳಿ ಎನ್ನಲು ಏಳಿ, ಹೋಗು ಎನ್ನಲು ಓಗು. ಒಮ್ಮೆ ಮೀಟಿಂಗಿನಲ್ಲಿ "ಅಳದಿ ಪೈಪು" ಎಂದು ಓದಿದಾಗ ಎಲ್ಲರೂ ನಕ್ಕರು. ನಾನು ಕೂರಿಸಿಕೊಂಡು ಕಲಿಸಿದೆ, "ಹ ಬಿಡಬೇಡ ಕಣೋ" ಎಂದೆ. ಅದೇ ತಪ್ಪಾಯಿತು. ಬಿಟ್ಟುಹೋದೀತು ಎಂಬ ಹೆದರಿಕೆಗೆ, ಬರೆಯುವಾಗ ಅ ಇರುವಲ್ಲೆಲ್ಲ ಹ ಹಾಕತೊಡಗಿದ. ಅಣ್ಣ ಎಂಬುದನ್ನು ಹಣ್ಣ ಎಂದು ಬರೆದು, ಕೊನೆಗೆ ಅವನ ಅಡ್ಡಹೆಸರೇ ಹಣ್ಣ ಎಂದಾಯಿತು. ಅವನಿಗೆ ಬೇಜಾರಿಲ್ಲ. ನನ್ನನ್ನು ಮಾತ್ರ ಮೇಡಂ ಎನ್ನದೆ ಅಕ್ಕಾ ಎನ್ನುತ್ತಾನೆ.

ಆದರೂ ಖಚಿತ ಮಾಡಿಕೊಳ್ಳಬೇಕಿತ್ತು. ಸುರಕ್ಷತಾ ಪ್ರತಿಜ್ಞೆ ಎಂಬ ನೆಪ ಮಾಡಿ, ಸ್ಟೋರ್ ಕೀಪರನನ್ನೂ ಗುತ್ತಿಗೆದಾರನ ಮೇಸ್ತ್ರಿಯನ್ನೂ ಹಣ್ಣನನ್ನೂ ಕೂರಿಸಿ, "ಅಪಾಯ, ಅನಿಲ, ಅಗ್ನಿ, ಇವುಗಳ ಅರಿವು ನನಗಿದೆ" ಎಂದು ಬರೆಯಲು ಹೇಳಿದೆ. "ಮೇಡಂ, ನಮ್ಮ ಅಕ್ಷರ ಹೋಲಿಸಿ ನೋಡ್ತೀರಾ ಹೇಗೆ? ನಾನಂತೂ ಆ ಕಡೆ ತಲೆ ಹಾಕಿಲ್ಲಪ್ಪ" ಎಂದ ಮೇಸ್ತ್ರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆದರೆ ಅವನ ಬರಹ ಬೇರೆ. ಹಣ್ಣ ನಾಲಿಗೆ ಕಚ್ಚಿಕೊಂಡು ಬರೆದ, "ಹಪಾಯ, ಹನಿಲ, ಹಗ್ನಿ, ಇವುಗಳ ಹರಿವು ನನಗಿದೆ." ಹಾಳೆ ಕೊಡುವಾಗ ನನ್ನ ಮುಖ ನೋಡಿ, "ತಪ್ಪಿದ್ರೆ ಏಳಿ ಅಕ್ಕಾ, ತಿದ್ದಿ ಬರೀತೀನಿ" ಎಂದ. ನಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು ಅನಿಸುತ್ತದೆ.

ಆ ಹಾಳೆಯನ್ನು ನಾನೇ ತೆಗೆದುಕೊಂಡು ಹೋಗಿ ತನಿಖೆಯವರಿಗೆ ಕೊಟ್ಟೆ. ಅದು ನನ್ನ ಕೆಲಸ.

ಮರುದಿನ ಕರೆಸಿದಾಗ ಅವನು ಒಂದೂ ಮಾತು ಎದುರಾಡದೆ ಒಪ್ಪಿಕೊಂಡ. ಸಹಿಯನ್ನೂ ತಾನೇ ಹಾಕಿದ್ದೇನೆ ಎಂದನಂತೆ. ಕಳ್ಳಸಹಿ ಎಂದು ಪೊಲೀಸರಿಗೆ ದೂರು ಹೋಗುತ್ತದೆ, ಕೆಲಸ ಹೋಗುವುದಂತೂ ನಿಶ್ಚಯ. ಇಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಅನುಮಾನ. ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಈಗ ಒಪ್ಪಿಕೊಂಡು, ಪೊಲೀಸರ ಮುಂದೆ ಬೇರೇನಾದರೂ ಹೇಳುವ ಯೋಚನೆಯೇ? ಮನುಷ್ಯನ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ಮೀಟರ್ ಇಲ್ಲವಲ್ಲ.

ಈಗ ಮುಖ್ಯ ಮಾತು. ತನಿಖೆಯವರು ನಿನಗೂ ಫೋನ್ ಮಾಡಬಹುದು. ಮಾಡಿದರೆ, "ಅಕ್ಕ ಬುಧವಾರ ಬಂದ್ಲು, ಗುರುವಾರ ಸಂಜೆವರೆಗೂ ನನ್ನ ಜೊತೇಲೇ ಇದ್ಲು" ಎಂದಷ್ಟೇ ಹೇಳು. ಅದು ನಿಜವೇ ತಾನೆ? ಕೇಳದ್ದಕ್ಕೆ ಉತ್ತರ ಕೊಡಬೇಡ. ನಿನಗೆ ಒಂದು ಕೇಳಿದರೆ ಹತ್ತು ಹೇಳುವ ಚಾಳಿ. ಈಗಾಗಲೇ ಯಾರಾದರೂ ಮಾಡಿದ್ದರಾ? ಏನೆಂದೆ? ಒಂದಕ್ಷರವೂ ಬಿಡದೆ ಬರೆ.

ಅಂಗಡಿ ಚೆನ್ನಾಗಿ ನಡೆಯಲಿ, ನಿನ್ನ ಕೈ ಹೊಲಿದದ್ದು ಯಾರ ಮೈಮೇಲೂ ಬಿಗಿಯಾಗದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಶ್ರಮ ಕೊಡಬೇಡ.

ನಿನ್ನ
ಅಕ್ಕ

ತಾಜಾ ಕಲಂ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ಗುಬ್ಬಿ, ಆ ಸಹಿ ನನ್ನದೇ. ನಿನ್ನ ಅಂಗಡಿಗೆ ಹೊರಡುವ ಮುನ್ನ ಐದು ಖಾಲಿ ಪರ್ಮಿಟ್‌ಗಳಿಗೆ ಸಹಿ ಹಾಕಿ ಹಣ್ಣನ ಕೈಗೆ ಕೊಟ್ಟಿದ್ದೆ, ಸಣ್ಣಪುಟ್ಟ ಕೆಲಸ ನಿಲ್ಲದಿರಲಿ ಎಂದು. ನೀನು ಎಲ್ಲರಿಗೂ ಟೀ ಕೊಡುತ್ತಿದ್ದಾಗ ನನಗೊಂದು ಫೋನ್ ಬಂತಲ್ಲ, ಅದು ಅವನದೇ. "ಅಕ್ಕಾ, ಟ್ಯಾಂಕ್ ಒಳಗೆ ಇಳೀಬೇಕಂತೆ. ನೀವು ಬರೋವರೆಗೂ ನಿಲ್ಲಿಸ್ಲಾ?" ಎಂದು ಕೇಳಿದ. ಎರಡು ಸಲ ಕೇಳಿದ. "ಹಾಳೆ ಕೊಟ್ಟಿದೀನಲ್ಲೋ, ಬರ್ಕೊಂಡು ಕೆಲಸ ನೋಡು, ತಲೆ ತಿನ್ಬೇಡ" ಎಂದೆ. ನೀನು ಪಕ್ಕದಲ್ಲೇ ನಿಂತು, "ಯಾರೇ ಅದು?" ಎಂದು ಕೇಳಿದೆ. "ಯಾರೂ ಇಲ್ಲ ಬಿಡೆ" ಎಂದೆ.

ಅವನ ಹೇಳಿಕೆಯನ್ನು ನಿನ್ನೆ ನನ್ನೆದುರಿಗೇ ಓದಿದರು. "ಸಹಿ ನಾನೇ ಹಾಕಿದೆ. ಹಕ್ಕನಿಗೆ ಇದೇನೂ ಗೊತ್ತಿಲ್ಲ" ಎಂದು ಬರೆದಿದ್ದಾನೆ. ಹಕ್ಕ ಎಂದರೆ ಯಾರು ಎಂದು ಬರೆಯುವವರು ಬಿದ್ದು ಬಿದ್ದು ನಕ್ಕರು. ಅವರ ಜೊತೆ ನಾನೂ ನಕ್ಕೆ ಕಣೇ.

ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು ಬರೆಯಲು ಪೆನ್ನು ಹಿಡಿದೆ. ಮೂರು ವಾರದಿಂದ ದಿನಾ ಬೆಳಿಗ್ಗೆ ಹಾಗೇ ಅಂದುಕೊಂಡು ಹೋಗಿ ಸುಮ್ಮನೆ ಬರುತ್ತಿದ್ದೇನೆ. ಯಾರನ್ನೆಲ್ಲ ಅನುಮಾನಿಸಿದೆ, ಆದರೆ ನಂಬಬಾರದವಳು ನಾನೊಬ್ಬಳೇ. ಆದ್ದರಿಂದ ಮೇಲೆ ಹೇಳಿದ್ದನ್ನೆಲ್ಲ ಬಿಟ್ಟುಬಿಡು. ತನಿಖೆಯವರ ನಂಬರನ್ನು ಹಾಳೆಯ ಹಿಂದೆ ಬರೆದಿದ್ದೇನೆ. ಅವರು ಮಾಡಲಿ ಎಂದು ಕಾಯಬೇಡ, ನೀನೇ ಫೋನ್ ಮಾಡಿ ಅಂದು ಕೇಳಿಸಿಕೊಂಡದ್ದನ್ನೆಲ್ಲ ಹೇಳು. ನನ್ನನ್ನು ಮೊದಲು ಕೇಳಬೇಡ. ಕೇಳಿದರೆ ಬೇಡ ಎಂದುಬಿಡುತ್ತೇನೆ.