ಒಂದೇ ತೊಟ್ಟು ಎಣ್ಣೆ

ಭಾವ,

ನೀವು ತೀರಿಕೊಂಡು ವರ್ಷವಾಯಿತು. ಈ ಕಾಗದ ನೀವು ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ: ನೀವು ಹೇಳಿದ್ದೇ ಸರಿ.

ನಮ್ಮ ಬಾಕ್ಸಿಂಗ್ ಕೋಣೆಯಲ್ಲಿ ಪಟಪಟನೆ ಗುದ್ದುವ ಆ ಪುಟ್ಟ ಬ್ಯಾಗನ್ನು ತೂಗುಹಾಕಲು, "ಬೇರಿಂಗ್ ಇರೋ ಕೊಂಡಿನೇ ಹಾಕು, ತಿಂಗಳಿಗೊಂದು ತೊಟ್ಟು ಮಿಷನ್ ಎಣ್ಣೆ ಸಾಕು" ಎಂದಿರಿ. "ಎಣ್ಣೆ ಹಾಕೋದನ್ನ ನಂಗೇ ಕಲಿಸ್ತೀರಾ?" ಎಂದು ರೇಗಿದೆ. ಬೇರಿಂಗಿಲ್ಲದ ಕೊಂಡಿಯನ್ನೇ ಹಾಕಿ, ತಲೆಗೆ ಹಚ್ಚುವ ಎಣ್ಣೆ ಸುರಿದೆ. ಆಮೇಲೆ ನೀವು ಈ ಕೋಣೆಗೆ ಕಾಲಿಡಲಿಲ್ಲ.

ಇವತ್ತು ಬೆಳಿಗ್ಗೆ ಕಲಿಯುವವರಿಗೆ ಗುದ್ದುವುದು ಹೇಗೆಂದು ತೋರಿಸುತ್ತಿದ್ದೆ. ಜಿಡ್ಡುಗಟ್ಟಿದ ಕೊಂಡಿ ತಿರುಗದೆ ಸಿಕ್ಕಿಕೊಂಡು ಮುರಿಯಿತು. ಬ್ಯಾಗು ನೇರವಾಗಿ ನನ್ನ ಬಾಯಿಗೆ ಬಡಿಯಿತು. ಹಲ್ಲಿನ ಸೆಟ್ಟು ಹಾರಿ ನೆಲ ಒರೆಸುವ ಬಕೆಟ್ಟಿಗೆ ಬಿತ್ತು. ಅಕ್ಕ ಅದನ್ನು ಎತ್ತಿಕೊಡುತ್ತಾ, "ಸತ್ತ ಮೇಲೂ ನಮ್ಮೋರೇ ಗೆದ್ರು ನೋಡೋ!" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಸಂಜೆ ಬೇರಿಂಗಿನ ಕೊಂಡಿ ತಂದು ಹಾಕಿದೆ. ಬೆಣ್ಣೆಯಷ್ಟು ನಯವಾಗಿ ತಿರುಗುತ್ತದೆ. ಒಂದು ತೊಟ್ಟು ಮಿಷನ್ ಎಣ್ಣೆ ಬಿಟ್ಟೆ. ನನ್ನ ಕೈ ಸುಮ್ಮನಿರಬೇಕಲ್ಲ, ಎರಡನೆಯದು ಬಿಡಲು ಹೋಗಿ ಬಾಗಿಲ ಕಡೆ ನೋಡಿದೆ. ಬಯ್ಯುವವರು ಯಾರೂ ಇರಲಿಲ್ಲ.

ಮುಚ್ಚಳ ಹಾಕಿದೆ.