ಒಟ್ಟಿಗೇ ಹಾಕಿದ ಸಹಿ

ತಂಗೀ,

ಸಂಜೆ ಐದು ಗಂಟೆ, ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೇನೆ. ಹೊಸ ಟೀಚರ ತರಗತಿಯಲ್ಲಿ ಹಿರಿಯರೊಬ್ಬರು ತಿಂಗಳಿಗೆರಡು ಸಲ ಕೂತು ನೋಡಿ ತಿದ್ದಬೇಕೆಂಬ ಕಾನೂನಿದೆಯಲ್ಲ, ಆ ಫಾರಂ ಹಿಡಿದು ಇವತ್ತು ಗಣಿತದ ಹೊಸ ಹುಡುಗಿ ಬಂದಳು.

"ಇಡೀ ವರ್ಷದ್ದು ಒಟ್ಟಿಗೇ ಸಹಿ ಹಾಕಿಬಿಡಿ ಅಕ್ಕಾ. ನೀವು ಬಂದು ಕೂತ್ರೆ ನನ್ನ ಕೈಕಾಲೇ ಆಡಲ್ಲ" ಎಂದು ನಕ್ಕಳು.

ಇಲ್ಲಿ ಹೊಸದಾಗಿ ಸೇರಿದಾಗ ನೀನೂ ಹೀಗೇ ಕೇಳಿ ನಕ್ಕಿದ್ದೆ, ನಾನು ಇಡೀ ವರ್ಷದ ಸಹಿ ಹಾಕಿಕೊಟ್ಟಿದ್ದೆ. ಗೋಡೆಯಾಚೆ ನಿನ್ನ ತರಗತಿಯ ಗಲಾಟೆ ದಿನಾ ಕೇಳುತ್ತಿತ್ತು. ವಿಳಾಸವನ್ನೂ ಕೊಡದೆ ನೀನು ಕೆಲಸ ಬಿಟ್ಟು ಹೋದ ಮೇಲೂ, ಆ ಕಾಗದದ ಪ್ರಕಾರ ನಾನು ಇನ್ನೂ ನಾಲ್ಕು ತಿಂಗಳು ನಿನ್ನ ಪಾಠ ನೋಡಿದ್ದೇನೆ.

"ನೋಡೇ ಹಾಕ್ತೀನಮ್ಮ" ಎಂದೆ. ಅವಳ ಮುಖ ಸಣ್ಣದಾಯಿತು.

ನೀನು ಪಾಠ ಮಾಡುತ್ತಿದ್ದ ಕೋಣೆಯ ಕೊನೆಯ ಸಾಲಿಗೆ ಕುರ್ಚಿ ಹಾಕಿ ಬಂದಿದ್ದೇನೆ. ನಾಳೆ ಮೊದಲ ಪೀರಿಯಡ್ ಅವಳದು, ಭಿನ್ನರಾಶಿ.