ಗೂಡು ಬೀದಿ ದಾಟಿದ ದಿನ

ಪ್ರೀತಿಯ ಮಾಮ,

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಪ್ಲಾಸ್ಟರ್ ಹಾಕಿದ ಕಾಲು ಎತ್ತಿಕೊಂಡು ಮಾತ್ರ ಕುಣಿಯಬೇಡ. ನಿನ್ನ ಕಡಜದ ಗೂಡು ಹೊಸ ಮ್ಯೂಸಿಯಂ ಸೇರಿತು. ಒಂದು ಚೂರೂ ಮುಕ್ಕಾಗಲಿಲ್ಲ. ಕೊನೆಗೆ ನಾನೇ ಎದೆಗವಚಿಕೊಂಡು ಒಳಗೆ ತಂದೆ. ಈಗ ದಿಂಬಿಗೊರಗಿ ನಿಧಾನವಾಗಿ ಓದು. ಇವತ್ತು ನನ್ನ ಕಾಲು ನೆಲದ ಮೇಲಿಲ್ಲ, ಜಂಬ ಕೊಚ್ಚಿಕೊಳ್ಳದೆ ಬಿಡುವವಳಲ್ಲ.

ಹಳೆಯ ಮ್ಯೂಸಿಯಂ ಮುಚ್ಚುತ್ತಾರೆ, ಎಲ್ಲವೂ ಹೊಸದಕ್ಕೆ ಹೋಗುತ್ತದೆ ಎಂದು ಹಿಂದೆಯೇ ಬರೆದಿದ್ದೆ. ಎರಡರ ನಡುವೆ ಇರುವುದು ಕೂಗಳತೆಯ ದೂರ. ಆನೆಯ ಅಸ್ಥಿಪಂಜರ ಹೋಯಿತು, ಕಲ್ಲಾದ ಮರದ ಕಾಂಡಗಳು ಹೋದವು, ತಿಮಿಂಗಿಲದ ದವಡೆಯೂ ಕ್ರೇನಿಗೆ ನೇತಾಡಿಕೊಂಡು ಹೋಯಿತು. ಉಳಿದದ್ದು ಹತ್ತಿಯಷ್ಟು ಹಗುರವಾದ ನಿನ್ನ ಗೂಡು. ಸಭೆಯಲ್ಲಿ ನಮ್ಮ ನಿರ್ದೇಶಕಿ ಕನ್ನಡಕ ಒರೆಸುತ್ತಾ, "ಅದನ್ನ ಮುಟ್ಟಿದ್ರೆ ಉದುರುತ್ತೆ. ಫೈಬರಲ್ಲಿ ಅಂಥದ್ದೇ ಒಂದು ಮಾಡಿಸೋಣ, ಇದನ್ನ ಬಿಟ್ಟುಬಿಡೋಣ" ಎಂದರು. ಬಿಟ್ಟುಬಿಡುವುದೆಂದರೆ ಕಸದ ಲಾರಿಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಮೈ ಉರಿದುಹೋಯಿತು. ಎದ್ದು ನಿಂತು, "ನಾನು ತರ್ತೀನಿ ಮೇಡಂ. ಮುರಿದ್ರೆ ನಿಮ್ಮ ಫೈಬರ್ ಗೂಡಿಗೆ ನಾನೇ ಬಣ್ಣ ಹಚ್ಚಿಕೊಡ್ತೀನಿ" ಎಂದೆ. ಅವರು ಕನ್ನಡಕ ಮತ್ತೆ ಮೂಗಿಗೇರಿಸಿಕೊಂಡರು. "ಮುರೀದೆ ಬಂದ್ರೆ ಮೊದಲನೇ ಕೋಣೇಲೇ ಜಾಗ ಕೊಡ್ತೀನಿ" ಎಂದರು. ನಿನಗೆ ಇದನ್ನು ಆಗಲೇ ಬರೆದಿದ್ದರೆ ನೀನು ಕುಂಟಿಕೊಂಡಾದರೂ ಬಂದು ನಿಲ್ಲುತ್ತಿದ್ದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಆ ರಾತ್ರಿ ಮಲಗಿದಾಗ ನಮ್ಮ ಹಳೆಯ ಮನೆಯ ಒಂದೇ ಒಂದು ಮಂಚ ನೆನಪಾಯಿತು. ನೀನು ಆಗ ಬಣ್ಣ ಬಳಿಯುವ ಕೆಲಸಕ್ಕೆ ಹೋಗುತ್ತಿದ್ದೆ. ಯಾವುದೋ ಮನೆಯ ಅಟ್ಟದಲ್ಲಿ ಈ ಗೂಡು ಸಿಕ್ಕಿತು. ಸುಟ್ಟುಹಾಕು ಎಂದ ಮನೆಯವನ ಜೊತೆ ಜಗಳವಾಡಿ, ಕೆಲಸ ಕಳೆದುಕೊಂಡು, ಗೂಡು ಅಂಟಿದ್ದ ತೊಲೆಯ ತುಂಡನ್ನೂ ಸೇರಿಸಿ ಗರಗಸದಲ್ಲಿ ಕೊಯ್ದು ತಂದೆ. ಖಾಲಿ ಎಂದುಕೊಂಡಿದ್ದ ಗೂಡಿನಲ್ಲಿ ನಾಲ್ಕಾರು ಹುಳ ಉಳಿದಿದ್ದವು. ನೀನು ಬಾಗಿಲಲ್ಲಿ ನಿಂತಾಗ ನಿನ್ನ ಮುಖ ಎಷ್ಟು ಊದಿತ್ತೆಂದರೆ, ಯಾರೋ ಬೇರೆಯವರು ಎಂದು ನಾನು ಅಮ್ಮನ ಹಿಂದೆ ಅಡಗಿದೆ. ಆಮೇಲೆ ಗೂಡಿಗೆ ಮಂಚ, ನಮಗೆ ಮೂವರಿಗೂ ನೆಲ. ಮ್ಯೂಸಿಯಂನವರು ಬಂದು ಒಯ್ಯುವವರೆಗೂ ಅಮ್ಮ ಬೆನ್ನು ಹಿಡಿದುಕೊಂಡೇ ಏಳುತ್ತಿದ್ದಳು. "ಜೇನುಗೂಡಿಗೆ ಕೈ ಹಾಕಿದ ಅಂತ ಜನ ಮಾತಿಗೆ ಹೇಳ್ತಾರೆ. ನನ್ನ ತಮ್ಮ ನಿಜವಾಗ್ಲೂ ಹಾಕಿ, ಅದನ್ನ ಮನೆಗೂ ತಂದ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲೆ ನಗು ಹೋಯಿತು, ಮಾತು ಉಳಿಯಿತು. ಒಂದೇ ಒಂದು ಸಲವೂ ಅವಳು ಆ ಗೂಡನ್ನು ನೋಡಲು ಮ್ಯೂಸಿಯಂಗೆ ಬಂದವಳಲ್ಲ, ನಾನು ಅಲ್ಲೇ ಕೆಲಸಕ್ಕೆ ಸೇರಿದ ಮೇಲೂ. ನೀನು ಅದನ್ನು ಕೇಳಲಿಲ್ಲ. ಆದರೆ ನಿನಗೆ ನೋವಾಗುತ್ತಿತ್ತು ಎಂದು ನನಗೆ ಗೊತ್ತು ಮಾಮ.

ಇರಲಿ. ವ್ಯಾನಿನಲ್ಲಿ ಒಯ್ಯಬಹುದೇ ಎಂದು ಮೊದಲು ಪರೀಕ್ಷೆ ಮಾಡಿದೆವು. ಪೆಟ್ಟಿಗೆಯಲ್ಲಿ ಖಾಲಿ ಮೊಟ್ಟೆಚಿಪ್ಪುಗಳನ್ನಿಟ್ಟು ಒಂದು ಸುತ್ತು ಹೋಗಿ ಬಂದಾಗ ಒಳಗೆ ಬರೀ ಪುಡಿ. ಬೀದಿ ಅಗೆದು ಹಾಕಿದ್ದಾರೆ, ವ್ಯಾನು ತಾನೇ ಏನು ಮಾಡೀತು? ಹಾಗಾದರೆ ಹೊತ್ತೇ ಒಯ್ಯಬೇಕು. ನಮ್ಮ ಬಡಗಿಯನ್ನು ನಿನಗೆ ಗೊತ್ತಲ್ಲ, ಇಂಚುಪಟ್ಟಿ ಎಂದು ಕರೆಯುತ್ತೇವೆ, ಚಹಾದ ಲೋಟವನ್ನೂ ಅಳೆದು ಇಡುವ ಮನುಷ್ಯ. ಅವನು ಎರಡು ಉದ್ದನೆಯ ಕೋಲುಗಳ ಮೇಲೆ ಪೆಟ್ಟಿಗೆ ಕೂರಿಸಿ, ನಾಲ್ಕು ಜನ ಹಿಡಿಯುವಂತೆ ಮಾಡಿಕೊಟ್ಟ. ಅಲುಗಾಡಬಾರದೆಂದು ನಾನು ಪೆಟ್ಟಿಗೆಗೂ ಕೋಲುಗಳಿಗೂ ಸೇರಿಸಿ ಸ್ಕ್ರೂ ಬಿಗಿದೆ. ಪೆಟ್ಟಿಗೆ ಅಳೆದೆವು, ಹೊಸ ಮ್ಯೂಸಿಯಂ ಬಾಗಿಲು ಅಳೆದೆವು. ನಮ್ಮಷ್ಟು ಜಾಣರಿಲ್ಲ ಎಂದು ಕೈ ಒರೆಸಿಕೊಂಡೆವು.

ಬೆಳಗ್ಗೆ ಹೊರಡುವ ಹೊತ್ತಿಗೆ ಗೇಟಿನಲ್ಲಿ ಅಮ್ಮ ನಿಂತಿದ್ದಳು. "ನಾನೇನು ಆ ಪೀಡೆನ ನೋಡೋಕೆ ಬಂದಿಲ್ಲ. ನೀನು ಎಲ್ಲಿ ಎಡವಿ ಬೀಳ್ತೀಯೋ ಅಂತ ಬಂದೆ" ಎಂದಳು. ಸರಿ ಎಂದೆ.

ಧೂಳು ತಾಗದಿರಲೆಂದು ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಿದ್ದೆವು. ನಾನು, ಇಂಚುಪಟ್ಟಿ, ಜೊತೆ ಕೆಲಸದ ಇನ್ನಿಬ್ಬರು, ಹೀಗೆ ನಾಲ್ಕು ಜನ, ನಡುವೆ ಬಿಳಿ ಬಟ್ಟೆಯ ಉದ್ದನೆಯ ಪೆಟ್ಟಿಗೆ, ಯಾರ ಮುಖದಲ್ಲೂ ನಗುವಿಲ್ಲ. ಜನ ಏನು ತಿಳಿದುಕೊಳ್ಳುತ್ತಾರೆ ಹೇಳು! ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಹೊರಗೆ ಬಂದು ನಿಂತ. ಅವನ ಹಿಂದೆ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡ ಗಿರಾಕಿಯೂ ತಲೆ ತಗ್ಗಿಸಿ ನಿಂತ. ಮುದುಕರೊಬ್ಬರು ನನ್ನ ಜೊತೆ ಹೆಜ್ಜೆ ಹಾಕುತ್ತಾ ಮೆಲ್ಲಗೆ, "ಎಷ್ಟು ವಯಸ್ಸಾಗಿತ್ತಮ್ಮ?" ಎಂದು ಕೇಳಿದರು. ನನ್ನ ಗಮನವೆಲ್ಲ ಕೋಲಿನ ಮೇಲೆ. "ಮೂವತ್ತರ ಮೇಲಾಗಿದೆ" ಎಂದುಬಿಟ್ಟೆ. "ಅಯ್ಯೋ, ಬಾಳಿ ಬದುಕೋ ವಯಸ್ಸು" ಎಂದು ಅವರು ಕಣ್ಣೊರೆಸಿಕೊಂಡರು. ಹಿಂದಿನಿಂದ ಅಮ್ಮನ ದನಿ: "ಏನೂ ಆಗಿಲ್ಲ ಸ್ವಾಮಿ, ಇನ್ನೂ ಗಟ್ಟಿಯಾಗಿದೆ!" ಇಂಚುಪಟ್ಟಿಗೆ ನಗು ತಡೆಯಲಾಗದೆ ಪೆಟ್ಟಿಗೆ ಒಮ್ಮೆ ಅಲುಗಿತು. ನಾನು ಕಣ್ಣಲ್ಲೇ ಅವನನ್ನು ಗದರಿದೆ.

ದೊಡ್ಡ ರಸ್ತೆಗೆ ಬಂದಾಗ ಗಾಳಿ ಎದ್ದಿತು. ಅರ್ಧ ದಾಟಿದ್ದೆವು, ದೀಪ ಕೆಂಪಿನಿಂದ ಹಸಿರಿಗೆ ತಿರುಗಿತು, ಬಸ್ಸು ಹಾರ್ನ್ ಹೊಡೆಯುತ್ತಾ ಮುಂದೆ ಸರಿಯಿತು. ನಾವು ಓಡುವಂತಿಲ್ಲ, ನಿಲ್ಲುವಂತಿಲ್ಲ. ಆಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸಿನ ಮೂತಿಗೇ ಹೋಗಿ ಕೈ ಅಡ್ಡ ಹಿಡಿದು ನಿಂತಳು. "ಕಣ್ಣು ಕಾಣ್ಸಲ್ವೇನಪ್ಪಾ? ಮಕ್ಕಳು ನಡೀತಿದಾರೆ! ಹಾರ್ನ್ ಆಮೇಲೆ ಹೊಡಿ!" ಬಸ್ಸು ಗಪ್‌ಚಿಪ್. ನಾವು ನಾಲ್ವರೂ ನಡುವಯಸ್ಸಿನ 'ಮಕ್ಕಳು' ಮೆರವಣಿಗೆಯಂತೆ ರಸ್ತೆ ದಾಟಿದೆವು.

ಬಂದೇ ಬಿಟ್ಟೆವು ಎಂದುಕೊಂಡಾಗ ನಮ್ಮ ಜಾಣತನ ಬಯಲಾಯಿತು. ಬಾಗಿಲು ಅಗಲವಾಗಿಯೇ ಇತ್ತು. ಆದರೆ ದಾಟಿದ ಕೂಡಲೇ ಒಂದು ಇಕ್ಕಟ್ಟಾದ ತಿರುವು. ಕೋಲಿನ ಮೂತಿ ಎದುರಿನ ಗೋಡೆಗೆ, ಬಾಲ ಇನ್ನೂ ಬೀದಿಯಲ್ಲಿ. ಎಲ್ಲವನ್ನೂ ಅಳೆದಿದ್ದೆವು, ತಿರುಗುವುದನ್ನು ಮಾತ್ರ ಅಳೆದಿರಲಿಲ್ಲ. ಸ್ಕ್ರೂ ಬಿಚ್ಚಲು ಹೋದರೆ ಪೆಟ್ಟಿಗೆ ಕುಲುಕುತ್ತದೆ. ಹೊರಗೆ ಗಾಳಿ ಜೋರಾಗುತ್ತಿದೆ. ಒಳಗೆ ನಿರ್ದೇಶಕಿ ಕೈಕಟ್ಟಿ ನಿಂತಿದ್ದಾರೆ. ಇಂಚುಪಟ್ಟಿ ತನ್ನ ಟೇಪನ್ನು ನೋಡುತ್ತಿದ್ದ, ಅದು ತನಗೆ ಮೋಸ ಮಾಡಿತು ಎನ್ನುವ ಹಾಗೆ.

"ಹೇಗಿದೆಯೋ ಹಾಗೇ ಇಳಿಸಿ" ಎಂದೆ. ಪೆಟ್ಟಿಗೆಯ ಒಂದು ತುದಿ ಬಾಗಿಲಿನೊಳಗೆ ಗಾಳಿ ತಾಗದ ಮರೆಯಲ್ಲಿತ್ತು, ಆ ಕಡೆಯಿಂದ ಮುಚ್ಚಳ ತೆಗೆದೆ. ನೀನು ಕೊಯ್ದ ತೊಲೆಯ ತುಂಡನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಗೂಡಿನಡಿಗೆ ಕೊಟ್ಟು ಎತ್ತಿದೆ. ಕೈ ನಡುಗತೊಡಗಿತು. ಉಸಿರು ಬಿಗಿಹಿಡಿದಷ್ಟೂ ನಡುಕ ಹೆಚ್ಚಾಯಿತು. ಆಗ ಏಣಿಯ ಮೇಲಿನ ನಿನ್ನ ಪಾಠ ನೆನಪಾಯಿತು: "ಉಸಿರು ಕಟ್ಟಬೇಡ ಕಣೇ, ಗುನುಗ್ತಾ ಇರು. ಗುನುಗ್ತಿದ್ರೆ ಉಸಿರು ತಾನಾಗೇ ಹೋಗುತ್ತೆ, ಕೈ ತನ್ನ ಕೆಲಸ ಮಾಡುತ್ತೆ." ಗುನುಗಿದೆ ಮಾಮ. ಯಾವ ರಾಗವೂ ಅಲ್ಲ, ನೀನು ಬ್ರಶ್ ಎಳೆಯುವಾಗ ಎಳೆಯುತ್ತಿದ್ದ ಅದೇ ಸ್ವರಗೆಟ್ಟ ಗುಂಯ್. ಕೈಯ ನಡುಕ ನಿಂತಿತು. ತಿರುವು ದಾಟಿದೆ, ನಿರ್ದೇಶಕಿಯನ್ನು ದಾಟಿದೆ, ಗುನುಗುತ್ತಲೇ ಮೊದಲನೇ ಕೋಣೆಗೆ ಹೋಗಿ ಪೀಠದ ಕೊಕ್ಕೆಗಳಿಗೆ ತೊಲೆ ಸಿಕ್ಕಿಸಿದೆ. ಗೂಡು ಒಮ್ಮೆ ತೂಗಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕಿ ಹತ್ತಿರ ಬಂದು, "ಹುಳ ಹೋದ್ರೂ ಗುಂಯ್ ಅನ್ನೋದು ಹೋಗಿಲ್ವಲ್ಲ" ಎಂದು ನನ್ನ ಬೆನ್ನು ತಟ್ಟಿದರು. ನಾನು ಗೆದ್ದೆ ಮಾಮ. ನಾವು ಗೆದ್ದೆವು.

ಆಮೇಲೆ ತಿರುಗಿ ನೋಡಿದರೆ ಅಮ್ಮ ಗೂಡಿನ ಮುಂದೆ ಒಬ್ಬಳೇ ನಿಂತಿದ್ದಳು. ಬೆಳಕಿನಲ್ಲಿ ಅದರ ಬೂದು, ಕಂದು, ಬಿಳಿ ಪಟ್ಟೆಗಳು ಒಂದರ ಮೇಲೊಂದು ಅಲೆಯಾಗಿ ಕಾಣುತ್ತಿದ್ದವು. ಎಷ್ಟೋ ಹೊತ್ತು ನೋಡಿದಳು. ಮಂಚದ ಮೇಲಿದ್ದಾಗ ಅವಳು ಅದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅಷ್ಟರಲ್ಲಿ ಸೋಪು ಹಚ್ಚಿಕೊಂಡಿದ್ದ ಗಿರಾಕಿ, ಈಗ ಮುಖ ತೊಳೆದುಕೊಂಡು, ಕುತೂಹಲ ತಡೆಯಲಾರದೆ ಒಳಗೆ ಬಂದಿದ್ದ. "ಇದನ್ನ ಯಾರು ತಂದಿದ್ದು?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು: "ನನ್ನ ತಮ್ಮ. ಇದಕ್ಕೋಸ್ಕರ ಕೆಲ್ಸ ಬಿಟ್ಟ ಅವನು. ನಾವು ಇದನ್ನ ನಮ್ಮ ಮಂಚದ ಮೇಲೆ ಮಲಗಿಸಿ ಕಾಪಾಡಿದ್ವಿ."

'ನಾವು' ಎಂದಳು ಮಾಮ. ಅದಕ್ಕೆ ನಾನೇ ಸಾಕ್ಷಿ.

ಗೂಡಿನ ಎದುರು ಒಂದು ಕುರ್ಚಿ ಹಾಕಿಸಿದ್ದೇನೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದು ಅದರಲ್ಲಿ ಕೂರು, ಎಷ್ಟು ಹೊತ್ತು ಬೇಕಾದರೂ ಕೂರು. ನಾನು ಬರೆಯುತ್ತಿರುವುದನ್ನು ಅಮ್ಮ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದಾಳೆ. "ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕ್ಸು, ನಾನೂ ಬರ್ತೀನಿ. ಆದ್ರೆ ಅವನು ಇನ್ನು ಏಣಿ ಹತ್ತಿದ್ರೆ ನಾನೇ ಇನ್ನೊಂದು ಕಾಲು ಮುರೀತೀನಿ ಅಂತ ಬರೆ" ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ನಿನ್ನ ಮೂಳೆ ಬೇಗ ಕೂಡಲಿ, ನಿನ್ನ ಗುಂಯ್ ಎಂದೂ ನಿಲ್ಲದಿರಲಿ.

ನಿನ್ನ ಏಣಿಯ ಕೆಳಗೆ ಬಣ್ಣದ ಡಬ್ಬ ಹಿಡಿದು ಬೆಳೆದ,
ಅಕ್ಕನ ಮಗಳು